ಹಳೇ ಹಲಸಿನ ಕುರ್ಚಿಗೆ ಅಡಿಕೆ ಚೊಗರಿನ ಬಣ್ಣ: ನನ್ನ ಅನುಭವ

ನಮ್ಮನೆ ಜಗಲಿಯಲ್ಲಿ ಹಲಸಿನ ಮರದ ಒಂದು ಈಸಿ ಚೇರ್ ಇದೆ. ಹಿಂದಿನ ಎಡಗಾಲು ಹೊಸದು, ಉಳಿದದ್ದೆಲ್ಲ ಹಳೆಯದು. ಬಂದವರಿಗೆಲ್ಲ ‘ಇದರಲ್ಲಿ ಹೊಸ ಕಾಲು ಯಾವುದು ಹೇಳಿ ನೋಡೋಣ’ ಅಂತ ಕೇಳುತ್ತೇನೆ. ಇಲ್ಲಿಯವರೆಗೆ ಸರಿಯಾಗಿ ಹೇಳಿದವರು ಒಬ್ಬರೇ. ಅವರೂ ಕುರ್ಚಿ ಮಗುಚಿ ನೋಡಿದ ಮೇಲೆ ಹೇಳಿದ್ದು. ಆ ಕಾಲಿಗೆ ಹಾಕಿದ್ದು ಅಂಗಡಿ ಬಣ್ಣ ಅಲ್ಲ, ಅಡಿಕೆ ಚೊಗರು, ಅಂದರೆ ಅಡಿಕೆ ಬೇಯಿಸಿದ ಮೇಲೆ ಹಂಡೆಯಲ್ಲಿ ಉಳಿಯುವ ಒಗರು ನೀರು. ಮೂರು ಮಳೆಗಾಲ ಜಗಲಿಯಲ್ಲೇ ಇಟ್ಟು ನೋಡಿದೆ. ಬಣ್ಣ ಬಿಡಲಿಲ್ಲ, ಬೂಷ್ಟು ಹಿಡಿಯಲಿಲ್ಲ. ಇನ್ನು ಬರೆಯಬಹುದು ಅನ್ನಿಸಿತು.

ಹಲಸಿನ ಕೆಲಸ ಮಾಡಿದವರಿಗೆ ಇದರ ಕಷ್ಟ ಗೊತ್ತು. ಹೊಸ ಹಲಸು ಅರಿಸಿನದ ಹಾಗೆ ಹಳದಿ. ಐವತ್ತು ಅರವತ್ತು ವರ್ಷ ಗಾಳಿ ಬೆಳಕು ಕಂಡ ಹಲಸು ಜೋನಿ ಬೆಲ್ಲದ ಬಣ್ಣಕ್ಕೆ ತಿರುಗಿರುತ್ತದೆ. ಎರಡನ್ನೂ ಸೇರಿಸಿದರೆ ತೇಪೆ ಹತ್ತು ಮಾರು ದೂರದಿಂದ ಕಾಣುತ್ತದೆ. ಅಂಗಡಿ ಸ್ಟೇನರ್ ಹೊಡೆದರೆ ಬಣ್ಣ ಹೊಂದಿದ ಹಾಗೆ ಕಂಡರೂ ಮರದ ನಾರು ಮುಚ್ಚಿಹೋಗುತ್ತದೆ. ಕಾಲು ಮರದ್ದೋ ಪ್ಲಾಸ್ಟಿಕ್ಕಿನದೋ ಅನ್ನುವ ಹಾಗೆ ಆಗುತ್ತದೆ. ಬೀಟೆಯಲ್ಲಿ ಈ ಗೋಳು ಇಲ್ಲ. ಆದರೆ ಬೀಟೆ ನಮ್ಮ ಕೈಗೆ ಎಲ್ಲಿ ಸಿಗುತ್ತೆ? ಎಲ್ಲಾದರೂ ಹಳೇ ಮನೆ ಬಿಚ್ಚುತ್ತಾರೆ ಅಂತ ಸುದ್ದಿಯಾದರೆ ಸಾಕು, ದೊಡ್ಡ ವ್ಯಾಪಾರಿಗಳು ಲಾರಿ ತಂದು ಕಂಬ, ಬಾಗಿಲು, ಬೀಟೆ ಮಂಚ ಎಲ್ಲ ಎತ್ತಿಕೊಂಡು ಹೋಗುತ್ತಾರೆ. ನಮಗೆ ಉಳಿಯುವುದು ಹಲಸು. ನನಗೆ ಅದರ ಬಗ್ಗೆ ಬೇಜಾರಿಲ್ಲ. ಹಲಸು ಒಳ್ಳೇ ಮರ.

ಈ ಕುರ್ಚಿ ಸಿಕ್ಕಿದ್ದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಒಂದು ಗುಜರಿಯಲ್ಲಿ. ಮೇಲೆ ಆಕಾಶನೀಲಿ ಎನಾಮಲ್ ಪೇಂಟು. ನಮ್ಮ ಕಡೆ ಹಿಂದೆ ಇದೊಂದು ಹುಚ್ಚು ಇತ್ತಲ್ವಾ, ಕಪಾಟು, ತೊಟ್ಟಿಲು, ದೇವರ ಮಣೆ ಎಲ್ಲಕ್ಕೂ ನೀಲಿ ಇಲ್ಲಾ ಹಸಿರು. ಬೆತ್ತ ಹರಿದು ಜೋತಾಡುತ್ತಿತ್ತು. ಒಂದು ಕಾಲನ್ನು ಗೆದ್ದಲು ತಿಂದಿತ್ತು. ಕಾಲು ಚಾಚುವುದಕ್ಕೆ ಹೊರಗೆ ತಿರುಗಿಸುವ ಉದ್ದನೆಯ ಕೈಗಳು ಇರುತ್ತವಲ್ಲ, ಅದರಲ್ಲಿ ಒಂದು ಇರಲೇ ಇಲ್ಲ. ಅವರು 3,500 ಹೇಳಿದರು, 2,500ಕ್ಕೆ ಮುಗಿಸಿದೆ.

ಕೈ ಇಲ್ಲದ ಕುರ್ಚಿ ತಂದು ಏನು ಮಾಡುತ್ತೀರಿ ಅಂತ ಮನೆಯಲ್ಲಿ ಕೇಳಿದರು. ನಾನು ಒಂದು ರೂಢಿ ಇಟ್ಟುಕೊಂಡಿದ್ದೇನೆ. ಗುಜರಿಯವರ ಹತ್ತಿರ ಸಾಮಾನು ಯಾವ ಮನೆಯಿಂದ ಬಂತು ಅಂತ ಕೇಳಿಯೇ ಕೇಳುತ್ತೇನೆ. ಬೇಕಾದರೆ ನೂರು ರೂಪಾಯಿ ಜಾಸ್ತಿ ಕೊಡುತ್ತೇನೆ. ಮರುವಾರ ಆ ಮನೆಗೆ ಹೋದೆ. ಮಗ ತೋಟಕ್ಕೆ ಹೋಗಿದ್ದರು, ಅಜ್ಜಿ ಒಬ್ಬರೇ ಇದ್ದರು. ನಾನು ವಿಷಯ ಹೇಳಿದ್ದೇ ಅವರು ಎದ್ದು ಕೊಟ್ಟಿಗೆ ಕಡೆ ನಡೆದರು. ಕರುವಿನ ಗೂಡಿನ ಬಾಗಿಲಿಗೆ ಅಡ್ಡ ಕೊಟ್ಟಿದ್ದ ಪಟ್ಟಿ ತೋರಿಸಿದರು. ಅದೇ ಕೈ! ಸಗಣಿ ಮೆತ್ತಿ ಬೂದಿ ಬಣ್ಣ ಆಗಿತ್ತು, ಆದರೆ ಒಂದು ಬಿರುಕೂ ಇರಲಿಲ್ಲ.

“ಮುಳುಗಡೆ ಹೊತ್ತಲ್ಲಿ ಗಾಡಿ ಮೇಲೆ ಹಾಕ್ಕೊಂಡು ಬಂದಿದ್ದು ತಮ್ಮಾ ಇದು. ನಮ್ಮ ಮಾವ ಇದರಲ್ಲೇ ಕೂರ್ತಿದ್ರು. ಮಗ ಕೊಟ್ಟಿದ್ದು ನಂಗೆ ಗೊತ್ತೇ ಇಲ್ಲ,” ಅಂದರು.

ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅಂದರೆ ಶರಾವತಿ ಹಿನ್ನೀರಿನ ಕೆಳಗೆ ಹೋದ ಯಾವುದೋ ಜಗಲಿಯ ಕುರ್ಚಿ ಇದು. ಆ ಕೈಗೆ ಅಜ್ಜಿ ದುಡ್ಡು ತೆಗೆದುಕೊಳ್ಳಲಿಲ್ಲ. ಬಾಗಿಲಿಗೆ ಬೇರೆ ಪಟ್ಟಿ ಹೊಡೆದುಕೊಟ್ಟು ಬಂದೆ.

ಈಗ ಬಣ್ಣ ಬಿಡಿಸುವ ವಿಷಯ. ಇದಕ್ಕೂ ಎರಡು ವರ್ಷ ಮೊದಲು ಒಂದು ಬೆಂಚಿಗೆ ಕಾಸ್ಟಿಕ್ ಸೋಡಾ ಬಳಿದಿದ್ದೆ. ಪೇಂಟು ಅರ್ಧ ಗಂಟೆಯಲ್ಲಿ ಸಿಪ್ಪೆಯ ಹಾಗೆ ಎದ್ದಿತು. ಜೊತೆಗೆ ಮರವೂ ಕಪ್ಪಾಯಿತು, ಸಂದುಗಳಲ್ಲಿದ್ದ ಹಳೇ ಸರೇಸು ಅಂಟು ಕರಗಿ ನಾಲ್ಕೂ ಕಾಲು ಅಲ್ಲಾಡತೊಡಗಿದವು. 2,000ದ ಮೇಲೆ ನೀರುಪಾಲು. ಆಮೇಲೆ ಸೋಡಾ ಮುಟ್ಟಿಲ್ಲ. ಬಿಸಿ ಗಾಳಿಯ ಗನ್ನಿನಲ್ಲಿ ಪೇಂಟು ಮೆತ್ತಗೆ ಮಾಡುವುದು, ಗಾಜಿನ ಚೂರಿನಲ್ಲಿ ಕೆರೆಯುವುದು. ಹಳೇ ಆಚಾರರು ಮಾಡುತ್ತಿದ್ದುದೂ ಗಾಜಿನ ಚೂರಿನಲ್ಲೇ. ಉಪ್ಪುಕಾಗದಕ್ಕಿಂತ ನೂರು ಪಾಲು ವಾಸಿ, ಯಾಕೆಂದರೆ ಪೇಂಟಿನ ಕೆಳಗೆ ವರ್ಷಗಳಿಂದ ಮರಕ್ಕೇ ಬಂದ ಹಳೇ ಬಣ್ಣ ಉಳಿಯುತ್ತದೆ. ಈ ಕುರ್ಚಿಗೆ ಐದು ದಿನ ಹಿಡಿಯಿತು.

ಚೊಗರಿನ ಯೋಚನೆ ಬಂದದ್ದು ಬಟ್ಟೆಯಿಂದ. ಹೆಗ್ಗೋಡಿನ ಹತ್ತಿರ ಭೀಮನಕೋಣೆಯಲ್ಲಿ ‘ಚರಕ’ ಅನ್ನುವ ಕೈಮಗ್ಗ ಸಂಸ್ಥೆಯವರು ಅಡಿಕೆ ಚೊಗರಿನಿಂದ ಬಟ್ಟೆಗೆ ಬಣ್ಣ ಕೊಡುತ್ತಾರೆ, ನಿಮಗೂ ಗೊತ್ತಿರುತ್ತದೆ. ಅಲ್ಲಿಯದೊಂದು ಜುಬ್ಬ ನನ್ನ ಹತ್ತಿರ ಇತ್ತು. ಒಗೆದು ಒಗೆದು ಅಂಚು ಹರಿಯಿತು, ಬಣ್ಣ ಹೋಗಲಿಲ್ಲ. ನೂಲಿನಲ್ಲಿ ನಿಲ್ಲುವುದು ಮರದಲ್ಲಿ ಯಾಕೆ ನಿಲ್ಲಬಾರದು? ನನಗೆ ಕೆಲಸ ಕಲಿಸಿದ ಆಚಾರರಿಗೆ ಹೇಳಿದೆ. “ಬೇಡ ಮಾರಾಯ್ರೆ. ಎಲೆ ಅಡಿಕೆ ಜಗಿದು ಉಗಿದ ಹಾಗೆ ಕಾಣುತ್ತೆ. ಮೊದಲ ಮಳೆಗೇ ಬೂಷ್ಟು ಬರುತ್ತೆ, ಬರೆದಿಟ್ಟುಕೊಳ್ಳಿ,” ಅಂದರು. ಶಿವಮೊಗ್ಗದ ಪಾಲಿಶ್ ಕೆಲಸದವರೊಬ್ಬರು ಅಷ್ಟೂ ಹೇಳಲಿಲ್ಲ, ನಕ್ಕು ಸುಮ್ಮನಾದರು.

ಮೊದಲ ಸಲ ಆಚಾರರ ಮಾತೇ ನಿಜವಾಯಿತು. ಅಡಿಕೆ ಬೇಯಿಸಿದ ಚೊಗರನ್ನು ಹಂಡೆಯಿಂದ ತಂದು ಹಾಗೇ ಒಂದು ಟೀಪಾಯಿಗೆ ಬಳಿದೆ. ಗಟ್ಟಿ ಚೊಗರು, ಒಂದೇ ಸಲಕ್ಕೆ ಕಡುಗೆಂಪು ಬಂತು. ಖುಷಿಯಾಗಿ ಎರಡೇ ದಿನಕ್ಕೆ ಮೇಲೆ ವಾರ್ನಿಷ್ ಎಳೆದು, ಶಿವಮೊಗ್ಗದ ವಿನೋಬನಗರದ ಒಂದು ಮನೆಗೆ 6,500ಕ್ಕೆ ಕೊಟ್ಟೆ. ಜುಲೈನಲ್ಲಿ ಫೋನ್ ಬಂತು. ಹೋಗಿ ನೋಡಿದರೆ ವಾರ್ನಿಷಿನ ಕೆಳಗೆ ಬಿಳಿ ಬಿಳಿ ಮಚ್ಚೆ, ಅಂಚಿನಲ್ಲಿ ಹಸಿರು ಬೂಷ್ಟು. ಪೂರ್ತಿ ದುಡ್ಡು ವಾಪಸ್ ಕೊಟ್ಟು ಟೀಪಾಯಿ ಮನೆಗೆ ತಂದೆ. ಎರಡನೇ ಸಲ ಒಂದು ಸ್ಟೂಲು. ಚೊಗರು ತೆಳ್ಳಗೆ ಮಾಡಿದೆ, ಬಣ್ಣ ಏರಲೇ ಇಲ್ಲ, ಚಹಾ ಚೆಲ್ಲಿದ ಹಾಗೆ ಮಬ್ಬು. ಪಟಿಕ ಹಾಕಿ ನೋಡಿದೆ, ಇನ್ನೂ ತಿಳಿಯಾಯಿತು.

ದಾರಿ ಸಿಕ್ಕಿದ್ದು ಊಟ ಮುಗಿಸಿ ಎಲೆ ಅಡಿಕೆ ಕವಳ ಹಾಕುವಾಗ. ಬಾಯಲ್ಲಿ ಕೆಂಪು ಬರುವುದು ಬರೀ ಅಡಿಕೆಯಿಂದ ಅಲ್ಲವಲ್ಲ, ಸುಣ್ಣ ಸೇರಿದ ಮೇಲೆ! ಎದ್ದು ಹೋಗಿ ಚೊಗರು ಹಚ್ಚಿ ಒಣಗಿಸಿದ್ದ ಹಲಸಿನ ತುಂಡಿಗೆ ಸುಣ್ಣದ ನೀರು ಸವರಿದೆ. ನೋಡುತ್ತಾ ನಿಂತೆ. ಮೊದಲು ಏನೂ ಆಗಲಿಲ್ಲ. ಒಂದು ನಿಮಿಷ ಕಳೆದಿರಬಹುದು, ನಾರಿನ ಗೆರೆಗಳಲ್ಲಿ ಕೆಂಪು ಎದ್ದಿತು. ಆಮೇಲೆ ಗೆರೆಗಳ ನಡುವೆ ಹರಡಿತು. ಐದು ನಿಮಿಷಕ್ಕೆ ಆ ಹಳದಿ ತುಂಡು ಹಳೇ ಕುರ್ಚಿಯ ಬೆನ್ನಿನ ಬಣ್ಣಕ್ಕೆ ಬಂದಿತ್ತು. ನಾರು ಒಂದೊಂದೂ ಎದ್ದು ಕಾಣುತ್ತಿತ್ತು.

ನಾನು ಈಗ ಮಾಡುವುದು ಹೀಗೆ. ಚೊಗರನ್ನು ಕೊಯ್ಲಿನ ಕೊನೆಗೆ, ಅಂದರೆ ಜನವರಿ ಹೊತ್ತಿಗೆ ತರುತ್ತೇನೆ. ನಾಲ್ಕಾರು ಸಲ ಅಡಿಕೆ ಬೆಂದು ಗಟ್ಟಿಯಾಗಿರಬೇಕು. ಹಳೇ ಪಂಚೆಯಲ್ಲಿ ಎರಡು ಸಲ ಸೋಸಬೇಕು. ಒಂದು ಲೋಟಕ್ಕೆ ಮೂರು, ನಾಲ್ಕು ಲೋಟ ನೀರು. ಕುದಿಸುವಾಗ ಒಂದು ವಸ್ತು ಸೇರಿಸುತ್ತೇನೆ. ಬೂಷ್ಟು ಬಾರದೇ ಇರುವುದಕ್ಕೆ ಅದೂ ಒಂದು ಕಾರಣ, ಅದನ್ನು ಇಲ್ಲಿ ಹೇಳುವುದಿಲ್ಲ. ನಿಮ್ಮ ಅಡುಗೆಮನೆಯಲ್ಲೇ ಇದೆ, ಹುಡುಕಿಕೊಳ್ಳಿ. ಚೊಗರು ಹಚ್ಚುವ ಮೊದಲು ಮರಕ್ಕೆ ಬರೀ ನೀರು ಸವರಿ, ಒಣಗಿಸಿ, ಎದ್ದ ನಾರನ್ನು 220 ನಂಬರಿನ ಉಪ್ಪುಕಾಗದದಲ್ಲಿ ಕೂರಿಸಿ. ಇದನ್ನು ಬಿಟ್ಟರೆ ಆಮೇಲೆ ಒರಟು ಹೋಗುವುದಿಲ್ಲ. ಚೊಗರು ನಾಲ್ಕು ಕೈ, ದಿನಕ್ಕೆ ಒಂದೇ, ನೆರಳಲ್ಲಿ ಒಣಗಬೇಕು. ಸುಣ್ಣ ಎಲೆಗೆ ಹಾಕುವುದೇ ಆಗುತ್ತದೆ. ರಾತ್ರಿ ನೀರಲ್ಲಿ ಕದಡಿಟ್ಟು ಬೆಳಗ್ಗೆ ಮೇಲಿನ ತಿಳಿ ಮಾತ್ರ ತೆಗೆಯಿರಿ. ಒಂದೇ ಸಲ ಸವರಿ, ಬಣ್ಣ ಬಂದ ಕೂಡಲೇ ಒದ್ದೆ ಬಟ್ಟೆಯಲ್ಲಿ ಎರಡು ಸಲ ಒರೆಸಿ. ಆಸೆಗೆ ಬಿದ್ದು ಎರಡನೇ ಸಲ ಸುಣ್ಣ ಸವರಿದರೆ ಕೆಂಪು ಹೋಗಿ ಮಣ್ಣಿನ ಕಪ್ಪು ಬರುತ್ತದೆ, ಮೇಲೆ ಬಿಳಿ ಪುಡಿ ಕೂರುತ್ತದೆ. ಒಂದು ಕಪಾಟಿನ ಬಾಗಿಲನ್ನು ನಾನು ಹಾಗೆ ಕಳೆದುಕೊಂಡೆ.

ಆಮೇಲೆ ಕಾಯಬೇಕು. ಟೀಪಾಯಿಯಲ್ಲಿ ಸೋತದ್ದು ಇಲ್ಲೇ. ಕಡಿಮೆ ಅಂದರೂ ಹನ್ನೆರಡು ದಿನ, ಅಡಿಕೆ ಒಣಗಿಸುವ ಬಿಸಿಲು ಇರುವ ದಿನಗಳಲ್ಲಿ. ಅದಾದ ಮೇಲೆ ಅರಗಿನ ಪಾಲಿಶ್. ಒಂದು ಲೀಟರ್ ಸ್ಪಿರಿಟ್ಟಿಗೆ ಸುಮಾರು 100 ಗ್ರಾಂ ಅರಗಿನ ಚಕ್ಕೆ, ತೆಳ್ಳಗೇ ಇರಲಿ. ಹತ್ತಿ ಉಂಡೆಯನ್ನು ಬಟ್ಟೆಯಲ್ಲಿ ಕಟ್ಟಿ ಹದಿನೈದು ಕೈ ಉಜ್ಜುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅರಗು ಮುಟ್ಟಲೇಬೇಡಿ. ಗಾಳಿಯ ತೇವ ಹಿಡಿದು ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಬೇಗ ಒಣಗಲಿ ಅಂತ ಒಲೆ ಹತ್ತಿರವೂ ಇಡಬೇಡಿ, ಸ್ಪಿರಿಟ್ಟಿಗೆ ಬೆಂಕಿ ತಗುಲಿದರೆ ಮನೆ ಉಳಿಯುವುದಿಲ್ಲ. ಮಳೆಗಾಲದಲ್ಲಿ ಬೆತ್ತ ಹೆಣೆಸುವ ಕೆಲಸ, ಹಿತ್ತಾಳೆ ಉಜ್ಜುವ ಕೆಲಸ ಇಟ್ಟುಕೊಳ್ಳಿ.

ಬೆತ್ತದಲ್ಲಿ ಮಾತ್ರ ಜುಗ್ಗತನ ಮಾಡಲಿಲ್ಲ. ಪ್ಲಾಸ್ಟಿಕ್ ಪಟ್ಟಿ ಅರ್ಧ ದುಡ್ಡಿಗೆ ಆಗುತ್ತಿತ್ತು. ಆದರೆ ಇಂಥ ಕುರ್ಚಿಗೆ ಅದನ್ನು ಹಾಕಲು ಮನಸ್ಸು ಬರಲಿಲ್ಲ. ಮೇದಾರರ ಕೇರಿಯಿಂದ ಒಬ್ಬರು ಬಂದು ಎರಡೂವರೆ ದಿನ ಕೂತು ಹೆಣೆದರು. ಬೆತ್ತದ ಎಳೆ ನೆನೆಸಿಯೇ ಹೆಣೆಯುವುದು. ಹೆಣೆದಾಗ ಒಂಚೂರು ಸಡಿಲ ಕಂಡಿತು. ‘ನಾಳೆ ಬೆರಳಲ್ಲಿ ಬಡಿದು ನೋಡಿ’ ಅಂತ ಹೇಳಿ ಹೋದರು. ಮರುದಿನ ಒಣಗಿ ಬಿಗಿದುಕೊಂಡು, ಬಡಿದರೆ ಡೋಲಿನ ಹಾಗೆ ಸದ್ದು ಬಂತು.

ನಡುವೆ ಬೇರೆ ಪ್ರಯೋಗಗಳೂ ಆದವು. ಹುಳಿ ಮಜ್ಜಿಗೆಯಲ್ಲಿ ತುಕ್ಕು ಮೊಳೆ ಹಾಕಿ ಎರಡು ವಾರ ಬಿಟ್ಟು, ಸೋಸಿ, ಚೊಗರು ಹಚ್ಚಿದ ಮರದ ಮೇಲೆ ಎಳೆದರೆ ಕಪ್ಪು ಬರುತ್ತದೆ. ಅಡಿಕೆಯ ಒಗರು, ಕಬ್ಬಿಣ ಸೇರಿದರೆ ಆಗುವುದು ಅದೇ. ತೆಳು ಕುಂಚದಲ್ಲಿ ಗೆರೆ ಎಳೆದು ಹಲಸಿಗೆ ಬೀಟೆಯ ಕಪ್ಪು ಗೆರೆ ತಂದೆ. ನಿಜ ಬೀಟೆ ಪಕ್ಕ ಇಟ್ಟರೂ ಥಟ್ಟನೆ ಗೊತ್ತಾಗುವುದಿಲ್ಲ. ಆದರೆ ಅದನ್ನು ಬೀಟೆ ಸಾಮಾನಿನ ತೇಪೆಗೆ ಮಾತ್ರ ಬಳಸುತ್ತೇನೆ, ಕೊಳ್ಳುವವರಿಗೆ ತೇಪೆ ಎಲ್ಲಿದೆ ಅಂತ ತೋರಿಸಿಯೇ ಕೊಡುತ್ತೇನೆ. ಬಣ್ಣ ಹೊಡೆದ ಮರವನ್ನು ಬೀಟೆ ಅಂತ ನನಗೇ ಒಬ್ಬರು 8,000ಕ್ಕೆ ಕಟ್ಟಿದ್ದರು. ಆ ಸಂಕಟ ನನಗೆ ಗೊತ್ತು.

ಗೇರೆಣ್ಣೆ, ಅಂದರೆ ಗೇರುಬೀಜದ ಸಿಪ್ಪೆಯಿಂದ ತೆಗೆದ ಎಣ್ಣೆ, ಇನ್ನೊಂದು. ಕುಟ್ಟೆ ಹಿಡಿದ ತೂತುಗಳಿಗೆ ಸಿರಿಂಜಿನಲ್ಲಿ ಬಿಟ್ಟರೆ ಹುಳು ಮತ್ತೆ ಬಂದಿಲ್ಲ. ಕೈಗವಸು ಹಾಕದೆ ಮಾಡಿ ಎರಡೂ ಅಂಗೈ ಬೊಬ್ಬೆ ಎದ್ದು ಹತ್ತು ದಿನ ಊಟಕ್ಕೂ ಚಮಚ ಹಿಡಿದೆ. ತಾಮ್ರದ ಹಂಡೆಗಳ ಗೀಳೂ ಸ್ವಲ್ಪ ದಿನ ಇತ್ತು. ವಾಟೆಹುಳಿ ಹಾಕಿ ತಿಕ್ಕಿದರೆ ಹುಣಸೆಗಿಂತ ಬೇಗ ಬೆಳಗುತ್ತದೆ. ಆದರೆ ಗುಜರಿಯವರು ತಾಮ್ರವನ್ನು ತೂಕಕ್ಕೇ ಕೊಡುವುದು. ಒಂಬತ್ತು ಕೆಜಿ ಹಂಡೆಗೆ 5,000ದ ಮೇಲೆ ಕೊಟ್ಟು, ಎರಡು ದಿನ ತಿಕ್ಕಿ, 6,500ಕ್ಕೆ ಮಾರಿದೆ. ಹಂಡೆಯಲ್ಲಿ ದುಡ್ಡಿಲ್ಲ.

ಕುರ್ಚಿಯ ಲೆಕ್ಕ ನೆನಪಿದ್ದಷ್ಟು ಹೇಳುತ್ತೇನೆ. ಕುರ್ಚಿ 2,500, ಲಗೇಜ್ ಆಟೋ 700, ಬೆತ್ತ ಮತ್ತು ಹೆಣೆದ ಕೂಲಿ 3,300ರ ಹತ್ತಿರ, ಕಾಲಿಗೆ ಹಲಸಿನ ತುಂಡು, ಅಂಟು, ತಿರುಪು 450, ಅರಗು ಸ್ಪಿರಿಟ್ 600. ಚೊಗರು, ಸುಣ್ಣ ಪುಕ್ಕಟೆ. ಒಟ್ಟು 7,500 ಅನ್ನಿ. ನನ್ನ ಹದಿನಾರು ದಿನದ ದುಡಿಮೆ ಇದರಲ್ಲಿ ಇಲ್ಲ. ಕಳೆದ ದೀಪಾವಳಿಗೆ ಒಬ್ಬರು 18,000 ಕೊಡುತ್ತೇನೆ ಅಂದರು, ಕೊಡಲಿಲ್ಲ. ಮಾದರಿಗೆ ಅದು ಬೇಕಿತ್ತು. ಅದನ್ನು ನೋಡಿಯೇ ಏಳೆಂಟು ಕೆಲಸ ಬಂದಿವೆ. ಆ ಮೊದಲ ಟೀಪಾಯಿ ಬಿಟ್ಟರೆ ಚೊಗರಿನ ಬಣ್ಣ ಹಾಕಿದ್ದು ಒಂದೂ ವಾಪಸ್ ಬಂದಿಲ್ಲ. ಆಚಾರರು ಈ ವರ್ಷ ಮೇ ತಿಂಗಳಲ್ಲಿ ಬಂದು ಕುರ್ಚಿಯ ಕಾಲನ್ನು ಉಗುರಿನಲ್ಲಿ ಕೆರೆದು ನೋಡಿದರು. ‘ಒಂದು ಬಾಟ್ಲಿ ಕೊಡಿ’ ಅಂದರು. ಕೊಟ್ಟೆ.

ಹೋದ ವಾರ ಅಜ್ಜಿಯ ಮೊಮ್ಮಗ ಫೋನ್ ಮಾಡಿದ್ದ. ಕುರ್ಚಿ ಇನ್ನೂ ಇದೆಯಾ ಅಂತ ಅಜ್ಜಿ ಕೇಳುತ್ತಿದ್ದಾರಂತೆ. ಅವರು ಕೂರುವುದಕ್ಕಾದರೆ 7,500 ಸಾಕು, ಮಾರುವುದಕ್ಕಾದರೆ ಬೇಡ ಅಂದೆ. ಭಾನುವಾರ ಕರೆದುಕೊಂಡು ಬರುತ್ತೇನೆ ಅಂದಿದ್ದಾನೆ. ಒಂದು ಕೈಯ ತಿರುಪು ಸಡಿಲ ಇದೆ, ಅಷ್ಟರೊಳಗೆ ಬಿಗಿ ಮಾಡಬೇಕು.