ಒಂದೇ ಕೋಣೆಯಲ್ಲಿ ಇಬ್ಬರು: ಮೊದಲು ನಿದ್ದೆಯನ್ನು ಸರಿಪಡಿಸಿ

ರೂಮ್‌ಮೇಟ್‌ಗಳ ಜಗಳ ಕಸ, ಬಟ್ಟೆ, ಪಾತ್ರೆಯ ನೆಪದಲ್ಲಿ ಶುರುವಾದರೂ ಬಹಳ ಸಲ ಅದರ ಬೇರು ಕೆಟ್ಟ ನಿದ್ದೆಯಲ್ಲಿರುತ್ತದೆ. 18ರಿಂದ 25 ವರ್ಷದವರಿಗೆ ದಿನಕ್ಕೆ 7ರಿಂದ 9 ಗಂಟೆ ನಿದ್ದೆ ಬೇಕು. ಅದು ತಪ್ಪಿದರೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ, ಸಣ್ಣ ಮಾತಿಗೂ ರೇಗುತ್ತದೆ.

ಆದ್ದರಿಂದ ಮೊದಲ ವಾರದಲ್ಲೇ ಕೂತು ಮಾತಾಡಿ. ಮನಸ್ತಾಪ ಬೆಳೆದ ಮೇಲೆ ಅದೇ ಮಾತು ದೂರಿನಂತೆ ಕೇಳಿಸುತ್ತದೆ. 'ಗಲಾಟೆ ಬೇಡ' ಎಂದರೆ ಸಾಲದು, ಏಕೆಂದರೆ ಗಲಾಟೆ ಯಾವುದು ಎನ್ನುವುದು ಒಬ್ಬೊಬ್ಬರಿಗೆ ಒಂದೊಂದು. ಗಂಟೆ ಹೇಳಿ: ದೊಡ್ಡ ದೀಪ ಎಷ್ಟಕ್ಕೆ ಆರಬೇಕು, ಎಷ್ಟರ ನಂತರ ಫೋನ್ ಮಾತು ಹೊರಗೆ, ಗೆಳೆಯರು ಎಲ್ಲಿಯವರೆಗೆ ಇರಬಹುದು. ಪರೀಕ್ಷೆಯ ದಿನಗಳಿಗೆ ಬೇರೆ ವೇಳೆ ಇರಲಿ. ಬರೆದಿಟ್ಟು, ಎರಡು ವಾರದ ನಂತರ ತಿದ್ದಿಕೊಳ್ಳಿ.

ತಡರಾತ್ರಿ ಓದುವವರು ಹಳದಿ ಬೆಳಕಿನ ಟೇಬಲ್ ಲ್ಯಾಂಪನ್ನು ಗೋಡೆಯ ಕಡೆ ಅಥವಾ ಪುಸ್ತಕದ ಮೇಲಷ್ಟೇ ಬೀಳುವಂತೆ ಬಗ್ಗಿಸಬೇಕು. ಬೆಳಕು ನಿದ್ದೆ ತರುವ ಮೆಲಟೋನಿನ್ ಹಾರ್ಮೋನನ್ನು ತಗ್ಗಿಸುತ್ತದೆ. ಅಲಾರಂ ಸ್ನೂಜ್ ಮಾಡುತ್ತಾ ಮಲಗುವುದು ಪಕ್ಕದವರಿಗೆ ನಿಜವಾದ ಹಿಂಸೆ. ಕೈಗೆ ಕಟ್ಟಿಕೊಳ್ಳುವ ಕಂಪಿಸುವ ಅಲಾರಂ ಬಳಸಿ.

ಇಯರ್‌ಪ್ಲಗ್ ಕೆಲಸ ಮಾಡಲಿಲ್ಲ ಎನ್ನುವವರಲ್ಲಿ ಅನೇಕರು ಅದನ್ನು ಸರಿಯಾಗಿ ಹಾಕಿಕೊಂಡಿರುವುದಿಲ್ಲ. ಕೈ ತೊಳೆದು, ಫೋಮ್ ಪ್ಲಗ್ಗನ್ನು ಬೆರಳುಗಳ ನಡುವೆ ಹೊಸೆದು ತೆಳುವಾಗಿಸಿ. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗಿಡಿ. ಅದು ಉಬ್ಬುವವರೆಗೆ, ಸುಮಾರು 30 ಸೆಕೆಂಡ್, ಬೆರಳಿನಿಂದ ಹಿಡಿದಿರಿ. ಹೊಸೆಯದೆ ತುರುಕಿದರೆ ಅದು ಕಿವಿಯ ಬಾಯಲ್ಲೇ ನಿಂತು ಶಬ್ದ ಒಳಗೆ ಬರುತ್ತದೆ.

ಮುಚ್ಚಿದ ಸಣ್ಣ ಕೋಣೆಯಲ್ಲಿ ಇಬ್ಬರ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಏರಿ ತಲೆ ಭಾರವಾಗುತ್ತದೆ. ಮಲಗುವ ಮುನ್ನ, ಎದ್ದ ಮೇಲೆ 10 ನಿಮಿಷ ಕಿಟಕಿ, ಬಾಗಿಲು ಎರಡನ್ನೂ ತೆರೆಯಿರಿ. ಒದ್ದೆ ಬಟ್ಟೆ ಒಳಗೆ ಒಣಗಿಸಿದರೆ ತೇವ ಕೂತು ಗೋಡೆಗೆ ಬೂಷ್ಟು ಹಿಡಿಯುತ್ತದೆ. ಅಸ್ತಮಾ ಇರುವವರಿಗೆ ಇದು ಅಪಾಯ.

ತಕರಾರಿದ್ದರೆ ಮೆಸೇಜ್ ಬೇಡ, ಎದುರಿಗೆ ಹೇಳಿ, ಒಂದು ಸಲಕ್ಕೆ ಒಂದೇ ವಿಷಯ. ಎರಡು ಸಲ ಹೇಳಿದರೂ ಬದಲಾಗದಿದ್ದರೆ ವಾರ್ಡನ್ ಬಳಿ ಹೋಗಿ. ಕೋಣೆ ಬದಲಿಸುವುದು ಸೋಲಲ್ಲ.

ಎಲ್ಲ ಸರಿಪಡಿಸಿದ ಮೇಲೂ ನಿಮಗಾಗಲಿ, ರೂಮ್‌ಮೇಟ್‌ಗಾಗಲಿ ಎರಡು ವಾರ ಬಿಡದೆ ಬೇಸರ, ಊಟ ಬೇಡವೆನಿಸುವುದು, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು ಕಂಡರೆ ಕೌನ್ಸೆಲರ್ ಅಥವಾ ವೈದ್ಯರನ್ನು ಕಾಣಬೇಕು. ಸಾಯುವ ಮಾತು ಬಂದರೆ ಕಾಯಬೇಡಿ. ಅವರನ್ನು ಒಂಟಿಯಾಗಿ ಬಿಡದೆ ತಕ್ಷಣ ಹಿರಿಯರನ್ನು ಕರೆಯಿರಿ.