ಆಂಕಾ ವ್ಯಾಸ್ಕುಲೈಟಿಸ್ ಮರುಕಳಿಸದ ಹಾಗೆ ಯಾವ ಔಷಧಿ? ಹೋಲಿಸಿ ನೋಡೋದು ಹೀಗೆ

ಆಂಕಾ ವ್ಯಾಸ್ಕುಲೈಟಿಸ್ ಅಂದ್ರೆ ದೇಹದ ರಕ್ಷಣಾ ವ್ಯವಸ್ಥೆನೇ ಸಣ್ಣ ರಕ್ತನಾಳಗಳಿಗೆ ಉರಿಯೂತ ತರೋ ಕಾಯಿಲೆ. ಮೊದಲ ಹಂತದ ಟ್ರೀಟ್‌ಮೆಂಟ್ ಮುಗಿದು ಕಾಯಿಲೆ ಹತೋಟಿಗೆ ಬಂದ ಕೂಡ್ಲೆ ಎಲ್ರಿಗೂ ಬರೋ ಪ್ರಶ್ನೆ ಇದೇ, ರಿಟುಕ್ಸಿಮ್ಯಾಬ್ ಡ್ರಿಪ್ ಹಾಕಿಸ್ಕೊಳ್ಳೋದಾ ಇಲ್ಲಾ ಅಜಾಥಯೋಪ್ರಿನ್ ಮಾತ್ರೆ ಸಾಕಾ, ಜೊತೆಗೆ ಸ್ಟೆರಾಯ್ಡ್ ಎಷ್ಟು ದಿನ ಅಂತ.

ಮೊದ್ಲು ನಿಮ್ಮ ಹಳೇ ರಿಪೋರ್ಟ್ ತೆಗೀರಿ. ರಕ್ತದಲ್ಲಿ ಸಿಗೋ ಆಂಕಾ ಆಂಟಿಬಾಡಿಲಿ ಎರಡು ಬಗೆ, ಪಿಆರ್3 ಪಾಸಿಟಿವ್ ಇದ್ಯಾ, ಎಂಪಿಒ ಇದ್ಯಾ? ಪಿಆರ್3 ಇರೋರಿಗೆ, ಮೊದ್ಲೇ ಒಂದ್ಸಲ ಮರುಕಳಿಸಿದವರಿಗೆ, ಮತ್ತೆ ಬರೋ ಸಾಧ್ಯತೆ ಜಾಸ್ತಿ.

ಆಮೇಲೆ ಅಂಕಿ ನೋಡಿ, ಆದ್ರೆ ಬರೀ ಪರ್ಸೆಂಟ್ ನೋಡಿ ಬಿಟ್ಬಿಡ್ಬೇಡಿ. ಫ್ರಾನ್ಸ್‌ನಲ್ಲಿ ನಡೆದ ಮೈನ್‌ರಿಟ್‌ಸಾನ್ ಸ್ಟಡಿ 2014ರಲ್ಲಿ ಬಂತು, 115 ಜನ, 28 ತಿಂಗಳಲ್ಲಿ ದೊಡ್ಡ ರಿಲ್ಯಾಪ್ಸ್ (ಕಾಯಿಲೆ ಜೋರಾಗಿ ಮರುಕಳಿಸೋದು) ಆಗಿದ್ದು ಅಜಾಥಯೋಪ್ರಿನ್ ಗುಂಪಲ್ಲಿ 29%, ರಿಟುಕ್ಸಿಮ್ಯಾಬ್ ಗುಂಪಲ್ಲಿ 5%. ವ್ಯತ್ಯಾಸ ದೊಡ್ಡದೇ. ಆದ್ರೆ ಒಳಗೆ ಇಣುಕಿದ್ರೆ ಅಲ್ಲಿ ಅಜಾಥಯೋಪ್ರಿನ್ ಡೋಸನ್ನ 12 ತಿಂಗಳಾದ್ಮೇಲೆ ಇಳಿಸ್ತಾ ಬಂದು 22ನೇ ತಿಂಗಳಿಗೆ ನಿಲ್ಲಿಸಿದ್ರು, ಹಾಗಾಗಿ ನಿಮ್ಮ ಡಾಕ್ಟರ್ ಅದನ್ನ ಇನ್ನೂ ಜಾಸ್ತಿ ದಿನ ಕೊಡೋ ಪ್ಲಾನ್ ಮಾಡಿದ್ರೆ ಈ 29% ನಿಮ್ಗೆ ಹಾಗ್ಹಾಗೇ ಅನ್ವಯಿಸಲ್ಲ. ರಿಟುಕ್ಸಿಮ್ಯಾಬ್ ಡೋಸ್ 500 ಮಿಗ್ರಾಂ, ಮೊದ್ಲು ಎರಡು ವಾರದ ಅಂತರದಲ್ಲಿ ಎರಡು ಸಲ, ಆಮೇಲೆ 6, 12, 18ನೇ ತಿಂಗಳಿಗೆ.

ಈಗಾಗ್ಲೇ ಮರುಕಳಿಸಿದವರು ರಿಟಜರೆಮ್ ಸ್ಟಡಿನೇ ನೋಡಿ, ಅದು ಅಂಥವರ ಮೇಲೇ ಮಾಡಿದ್ದು, ಅಲ್ಲಿ ಡೋಸ್ 1000 ಮಿಗ್ರಾಂ, ನಾಲ್ಕು ತಿಂಗಳಿಗೊಮ್ಮೆ. ಅಲ್ಲೂ ರಿಟುಕ್ಸಿಮ್ಯಾಬೇ ಮೇಲು, ಆದ್ರೆ ನಿಲ್ಲಿಸಿದ ಮೇಲೆ ರಿಲ್ಯಾಪ್ಸ್ ಮತ್ತೆ ಶುರುವಾಯ್ತು. ಅದಕ್ಕೇ "ಎಷ್ಟು ವರ್ಷ ಕೊಡ್ತೀರಾ, ನಿಲ್ಲಿಸಿದ ಮೇಲೆ ಹೇಗೆ ಗಮನಿಸ್ತೀರಾ" ಅಂತ ಡಾಕ್ಟರ್ ಹತ್ರ ಕೇಳ್ಲೇಬೇಕು, ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಪ್ರಶ್ನೆ ಇದು.

ಬೇರೆ ಮಾತ್ರೆಗಳಲ್ಲಿ ಮೈಕೋಫಿನೊಲೇಟ್, ಮರುಕಳಿಸದ ಹಾಗೆ ತಡೆಯೋದ್ರಲ್ಲಿ ಅಜಾಥಯೋಪ್ರಿನ್‌ಗಿಂತ ಹಿಂದೆ ಬಿತ್ತು, ಅದು ಎರಡನೇ ಆಯ್ಕೆ. ಮೆಥೊಟ್ರೆಕ್ಸೇಟ್ ಹೆಚ್ಚುಕಮ್ಮಿ ಅಜಾಥಯೋಪ್ರಿನ್‌ಗೆ ಸಮ, ಆದ್ರೆ ಕಿಡ್ನಿ ವೀಕ್ ಇದ್ರೆ ಬೇಡ.

ಸೈಡ್ ಎಫೆಕ್ಟ್‌ನೂ ಪಕ್ಕದಲ್ಲೇ ಬರ್ಕೊಳ್ಳಿ. ರಿಟುಕ್ಸಿಮ್ಯಾಬ್‌ಗೆ ಮೊದ್ಲು ಹೆಪಟೈಟಿಸ್ ಬಿ ಟೆಸ್ಟ್ ಆಗ್ಲೇಬೇಕು, ಐಜಿಜಿ (ಸೋಂಕು ತಡೆಯೋ ಆಂಟಿಬಾಡಿ) ಮಟ್ಟನೂ ನೋಡ್ಬೇಕು, ಅದು ಇಳಿದ್ರೆ ಇನ್ಫೆಕ್ಷನ್ ಜಾಸ್ತಿ ಆಗತ್ತೆ. ಅಜಾಥಯೋಪ್ರಿನ್‌ಗೆ ಟಿಪಿಎಂಟಿ (ದೇಹ ಈ ಔಷಧಿನ ಹೇಗೆ ಅರಗಿಸ್ಕೊಳ್ಳತ್ತೆ ಅಂತ ನೋಡೋ ಟೆಸ್ಟ್) ಒಂದೇ ಅಲ್ಲ, ಅದೇ ಥರದ ನಡ್ಟ್15 (NUDT15) ಜೀನ್ ಟೆಸ್ಟೂ ಕೇಳಿ, ಆ ಜೀನಿನ ವ್ಯತ್ಯಾಸ ನಮ್ಮ ಏಷ್ಯಾದವರಲ್ಲಿ ಜಾಸ್ತಿ, ಇದ್ದೋರಿಗೆ ಮಾಮೂಲಿ ಡೋಸಲ್ಲೇ ಬಿಳಿ ರಕ್ತಕಣ ಕುಸಿಯತ್ತೆ. ಇನ್ನು ಅಜಾಥಯೋಪ್ರಿನ್ ತಗೊಳ್ತಾ ಇರೋವಾಗ ಯೂರಿಕ್ ಆಸಿಡ್‌ಗೆ ಅಂತ ಬೇರೆ ಡಾಕ್ಟರ್ ಅಲೋಪ್ಯುರಿನಾಲ್ ಬರ್ಕೊಟ್ರೆ, ಮೊದಲನೇ ಮಾತ್ರೆ ನುಂಗೋ ಮುಂಚೆನೇ ನಿಮ್ಮ ರುಮಟಾಲಜಿಸ್ಟ್‌ಗೆ ಫೋನ್ ಮಾಡಿ, ಎರಡೂ ಸೇರಿದ್ರೆ ಬಿಳಿ ರಕ್ತಕಣ ತುಂಬಾ ಕುಸಿಯೋ ಅಪಾಯ ಇದೆ.