ನಾಲ್ಕು ಸಾವಿರದಲ್ಲಿ ಐದು ಹೊಟ್ಟೆ

2023ರ ಜೂನ್‌ನಲ್ಲಿ ನಮ್ಮ ಯಜಮಾನರ ಆಟೊಗೆ ಹಿಂದಿನಿಂದ ಒಂದು ಟೆಂಪೊ ಗುದ್ದಿತು. ಬಲಗಾಲಿನ ಮೂಳೆ ಮುರಿದು ರಾಡ್ ಹಾಕಿಸಬೇಕಾಯಿತು. ಐದು ತಿಂಗಳು ಆಟೊ ಮನೆ ಮುಂದೆ ಟಾರ್ಪಾಲು ಹೊದ್ದು ನಿಂತಿತ್ತು. ದುಡಿಮೆಯಿಂದ ಬರುತ್ತಿದ್ದದ್ದು ನನ್ನ ಗಾರ್ಮೆಂಟ್ಸ್ ಸಂಬಳ ಒಂದೇ. ಬಾಡಿಗೆ, ಆಟೊ ಸಾಲದ ಕಂತು, ಔಷಧಿ, ಗ್ಯಾಸು ಎಲ್ಲ ಕಳೆದು ಊಟದ ಸಾಮಾನಿಗೆ ಉಳಿದದ್ದು ತಿಂಗಳಿಗೆ ನಾಲ್ಕು ಸಾವಿರ. ತಿನ್ನುವವರು ಐದು ಜನ: ನಾನು, ಅವರು, ಅತ್ತೆ, ಒಂಬತ್ತನೇ ಕ್ಲಾಸಿನ ಮಗಳು, ಐದನೇ ಕ್ಲಾಸಿನ ಮಗ.

ಬಿಪಿಎಲ್ ಕಾರ್ಡ್ ಇತ್ತು. ಹಾಗಾಗಿ ಅಕ್ಕಿಗೆ ಕೊರತೆ ಇರಲಿಲ್ಲ. ನಾವು ಎಡವಿದ್ದೂ ಅಲ್ಲೇ. ಪುಕ್ಕಟೆ ಅಕ್ಕಿ ಇದೆಯಲ್ಲಾ ಅಂತ ಮೂರು ಹೊತ್ತೂ ಅಕ್ಕಿಯನ್ನೇ ತಿಂದೆವು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ತಿಳಿಸಾರು, ರಾತ್ರಿ ಅದೇ ಸಾರು, ಜೊತೆಗೆ ಆಲೂಗಡ್ಡೆ ಪಲ್ಯ. ಹೊಟ್ಟೆಯೇನೋ ತುಂಬುತ್ತಿತ್ತು. ಆದರೆ ಹತ್ತು ಗಂಟೆಗೆ ಮೆಷಿನ್ ಮುಂದೆ ಕೂತಾಗಲೇ ನನಗೆ ತೂಕಡಿಕೆ. ಮಗಳು ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದಳು. ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ 9.1 ಇತ್ತು. ಡಾಕ್ಟರ್ ಕಬ್ಬಿಣದ ಮಾತ್ರೆ ಬರೆದುಕೊಟ್ಟು, ‘ಮನೇಲಿ ಏನು ತಿಂತೀರಾ?’ ಅಂದರು. ನಾನು ಹೇಳಿದೆ. ಅವರು ಏನೂ ಅನ್ನಲಿಲ್ಲ, ಸುಮ್ನೆ ನನ್ನ ಮುಖ ನೋಡಿದರು.

ಅದೇ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ರೂಪಾಯಿ ದಾಟಿತು. ಟೊಮೆಟೊ ಇಲ್ಲದೆ ಸಾರು ಹೇಗೆ ಮಾಡೋದು ಅಂತ ನಾನು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ನಮ್ಮತ್ತೆ ಮಳವಳ್ಳಿ ಕಡೆಯವರು. ಅವರಿಗೆ ನಗು ಬಂತು.

‘ಟಮಾಟೆ ಇಲ್ದಿದ್ರೆ ಸಾರೇ ಆಯ್ಕಿಲ್ವೇನಮ್ಮಿ? ಉಪ್ಸಾರಿಗೆ ಯಾರು ಟಮಾಟೆ ಹಾಕ್ತಾರೆ? ನಾಳೆ ಎರಡು ಕಟ್ಟು ಸೊಪ್ಪು ತತ್ತಾ, ನಾನ್ ಮಾಡ್ತೀನಿ.’

ಮದುವೆಯಾಗಿ ಹದಿನಾರು ವರ್ಷವಾದರೂ ನಾನು ಅವರ ಕೈಯಿಂದ ಈ ಅಡುಗೆಗಳನ್ನು ಸರಿಯಾಗಿ ಕಲಿತಿರಲಿಲ್ಲ. ಬೆಂಗಳೂರಿಗೆ ಬಂದಮೇಲೆ ಬೇಳೆಸಾರು, ಪಲಾವ್, ಪೂರಿ ಸಾಗು ಅಂತ ಬೇರೆಯದೇ ದಾರಿ ಹಿಡಿದಿದ್ದೆವು. ಮುದ್ದೆ ಭಾನುವಾರದ ಕೋಳಿಸಾರಿಗೆ ಮಾತ್ರ ಅನ್ನುವಂತಾಗಿತ್ತು.

ಮರುದಿನ ಅತ್ತೆ ಮಾಡಿದ್ದು ಬಸ್ಸಾರು. ನಮ್ಮ ಇಡೀ ಲೆಕ್ಕಾಚಾರ ನಿಂತದ್ದು ಇದರ ಮೇಲೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಒಂದು ಪಾವು ಅಲಸಂದೆಕಾಳನ್ನು ರಾತ್ರಿಯೇ ನೆನೆಹಾಕಿದ್ದರು. ಬೆಳಿಗ್ಗೆ ಜಾಸ್ತಿ ನೀರಿಟ್ಟು ಕಾಳು ಬೇಯಿಸಿ, ಮುಕ್ಕಾಲು ಬೆಂದಾಗ ಹೆಚ್ಚಿದ ದಂಟಿನ ಸೊಪ್ಪು, ಉಪ್ಪು ಹಾಕಿದರು. ಎಳೆ ದಂಟನ್ನೂ ಬಿಡಲಿಲ್ಲ. ಬೆಂದಮೇಲೆ ತೂತಿನ ಪಾತ್ರೆಗೆ ಸುರಿದು ನೀರನ್ನು ಬಸಿದರು. ಹೀಗೆ ಬಸಿದ ನೀರಿಗೂ ಕಟ್ಟು ಅಂತಲೇ ಹೆಸರು. ನಾನು ಮೊದಲೆಲ್ಲ ಸೊಪ್ಪು ಬೇಯಿಸಿದ ನೀರನ್ನು ಸಿಂಕಿಗೆ ಚೆಲ್ಲುತ್ತಿದ್ದೆ. ಸೊಪ್ಪಿನ ಸತ್ವದಲ್ಲಿ ಒಂದಷ್ಟು ಆ ನೀರಿಗೇ ಇಳಿದಿರುತ್ತದೆ, ಅಂದರೆ ದುಡ್ಡು ಕೊಟ್ಟು ತಂದದ್ದನ್ನೇ ಚರಂಡಿಗೆ ಬಿಡುತ್ತಿದ್ದೆ.

ಆಮೇಲೆ ಬಾಣಲೆಯಲ್ಲಿ ಒಂದು ಈರುಳ್ಳಿ, ಆರೇಳು ಎಸಳು ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಜೀರಿಗೆ, ನಾಲ್ಕು ಕಾಳು ಮೆಣಸು ಹುರಿದು, ಎರಡು ಚಮಚ ಕಾಯಿತುರಿ, ಧನಿಯ ಪುಡಿ, ಹುಣಸೆಹಣ್ಣು, ಬೆಂದ ಕಾಳುಸೊಪ್ಪಿನಲ್ಲೇ ಒಂದು ಹಿಡಿ ಸೇರಿಸಿ ರುಬ್ಬಿದರು. ಅದನ್ನು ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದ ಕಾಳುಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಆ ಒಂದು ಹಿಡಿ ಕಾಳಿನಿಂದಲೇ ಸಾರಿಗೆ ಮೈ ಬರುತ್ತದೆ. ಅದನ್ನು ಮರೆತರೆ ಸಾರು ನೀರುನೀರು.

ಲೆಕ್ಕ ಹಾಕಿದೆ. ಕಾಳು ಇಪ್ಪತ್ತು, ಸೊಪ್ಪು ಇಪ್ಪತ್ತೈದು, ಕಾಯಿ ಮಸಾಲೆ ಎಣ್ಣೆ ಎಲ್ಲ ಸೇರಿ ಹದಿನೈದು. ಅರವತ್ತು ರೂಪಾಯಿಗೆ ಸಾರೂ ಪಲ್ಯವೂ ಎರಡು ಹೊತ್ತಿಗೆ ಆಯಿತು. ಮರುದಿನ ಬೆಳಿಗ್ಗೆ ಒಂದು ಬಟ್ಟಲು ಉಳಿದಿತ್ತು. ಹಳೇ ಬಸ್ಸಾರಿನ ರುಚಿ ತಿಂದವರಿಗೇ ಗೊತ್ತು, ಅದಕ್ಕೆ ಮಕ್ಕಳಿಬ್ಬರೂ ಜಗಳ ಆಡಿದರು.

ಆದರೆ ದಿನಾ ಬಸ್ಸಾರು ಹಾಕಿದರೆ ಮಕ್ಕಳು ನಾಲ್ಕನೇ ದಿನಕ್ಕೇ ತಟ್ಟೆ ತಳ್ಳುತ್ತಾರೆ. ಅಡುಗೆಮನೆ ಗೋಡೆಯಲ್ಲಿ ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರ್ ಇದೆಯಲ್ಲ, ಅದರಲ್ಲಿ ಪ್ರತಿ ತಾರೀಖಿನ ಕೆಳಗೆ ಎರಡು ಅಕ್ಷರ ಬರೆಯಲು ಶುರು ಮಾಡಿದೆ. ಹು-ದಂ ಅಂದರೆ ಹುರುಳಿಕಾಳು, ದಂಟು. ಅ-ಮೆಂ ಅಂದರೆ ಅಲಸಂದೆ, ಮೆಂತ್ಯ ಸೊಪ್ಪು. ಹೆ-ನು ಅಂದರೆ ಹೆಸರುಕಾಳು, ನುಗ್ಗೆ ಸೊಪ್ಪು. ಒಂದು ಸಲ ಬಂದ ಜೋಡಿ ಹತ್ತು ದಿನದೊಳಗೆ ಮತ್ತೆ ಬರಬಾರದು. ಒಂದೇ ಬಗೆಯ ಸಾರು ಎರಡು ದಿನ ಸಾಲಾಗಿ ಇರಬಾರದು. ಇಷ್ಟೇ ನಿಯಮ. ಹುರುಳಿ, ಅಲಸಂದೆ, ಹೆಸರು, ಕಡಲೆ, ಬಟಾಣಿ ಅಂತ ಐದು ಕಾಳು. ಸೊಪ್ಪು ಆರೇಳು ಬಗೆ. ಅದನ್ನೇ ಒಂದು ದಿನ ಬಸ್ಸಾರು, ಒಂದು ದಿನ ಬೇಯಿಸಿ ಮಸೆದ ಮಸ್ಸೊಪ್ಪು, ಇನ್ನೊಂದು ದಿನ ಮೊಳಕೆ ಕಟ್ಟಿ ಸಾರು, ಮತ್ತೊಂದು ದಿನ ಉಪ್ಪು ಹಾಕಿ ಬೇಯಿಸಿದ ಕಟ್ಟಿಗೆ ರುಬ್ಬಿದ ಖಾರ ಕಲಸಿಕೊಳ್ಳುವ ಉಪ್ಸಾರು. ಉಪ್ಸಾರಿನ ಖಾರವನ್ನು ಭಾನುವಾರವೇ ರುಬ್ಬಿ ಡಬ್ಬಿಗೆ ತುಂಬಿದರೆ ವಾರವೆಲ್ಲ ಆಯಿತು. ಇಷ್ಟು ಬಗೆ ಮಾಡಿದರೂ ಅಂಗಡಿ ಸಾಮಾನಿನ ಪಟ್ಟಿ ಉದ್ದವಾಗಲಿಲ್ಲ. ತೊಗರಿಬೇಳೆ ಆಗ ಕೆಜಿಗೆ ನೂರೈವತ್ತರ ಮೇಲಿತ್ತು. ಅದನ್ನು ವಾರಕ್ಕೆ ಎರಡೇ ದಿನಕ್ಕೆ ಇಳಿಸಿದೆ. ಹುರುಳಿಕಾಳು ಅದರ ಅರ್ಧ ಬೆಲೆಗೆ ಸಿಗುತ್ತಿತ್ತು. ಪ್ರೋಟೀನ್ ಲೆಕ್ಕದಲ್ಲಿ ಎರಡೂ ಹೆಚ್ಚುಕಮ್ಮಿ ಒಂದೇ, ನೂರು ಗ್ರಾಮಿಗೆ ಇಪ್ಪತ್ತು ಗ್ರಾಮಿನ ಮೇಲೆ.

ಈ ಸಾರುಗಳ ಜೊತೆಗೆ ರಾಗಿಮುದ್ದೆಯೂ ಶುರುವಾಯಿತು, ಮಗನಿಗೆ ಮಾತ್ರ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನಾನೂ ಬಲವಂತ ಮಾಡಲಿಲ್ಲ. ಅವನಿಗೆ ಅದೇ ಹಿಟ್ಟಿಗೆ ನುಗ್ಗೆ ಸೊಪ್ಪು, ಈರುಳ್ಳಿ ಹಾಕಿ ರೊಟ್ಟಿ ತಟ್ಟಿದೆ. ಇಡ್ಲಿ ಹಿಟ್ಟು ಉಳಿದ ದಿನ ಅದಕ್ಕೇ ರಾಗಿ ಹಿಟ್ಟು ಕಲಸಿ ದೋಸೆ. ಸಂಜೆ ಹುರಿಹಿಟ್ಟಿಗೆ ಬೆಲ್ಲ, ಸ್ವಲ್ಪ ಹಾಲು ಹಾಕಿ ಉಂಡೆ. ನೂರು ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ನೂರು ಗ್ರಾಂ ಹಾಲಿನಲ್ಲಿ ಇರುವುದು ಅದರ ಮೂರನೇ ಒಂದು ಭಾಗ. ರಾಗಿಯದ್ದು ಅಷ್ಟೂ ಮೈಗೆ ಹತ್ತುವುದಿಲ್ಲ ನಿಜ. ಆದರೂ ಹಾಲನ್ನು ದಿನಕ್ಕೆ ಅರ್ಧ ಲೀಟರಿಗೆ ಇಳಿಸುವಾಗ ರಾಗಿ ಇದೆಯಲ್ಲಾ ಅನ್ನುವ ಧೈರ್ಯ ಇತ್ತು. ಕೆಲವು ತಿಂಗಳು ರೇಷನ್‌ನಲ್ಲೇ ರಾಗಿ ಕೊಡುತ್ತಿದ್ದರು. ಸಾಲದ್ದಕ್ಕೆ ಅಂಗಡಿಯಿಂದ ಕಾಳು ರಾಗಿ ತಂದು ಕೇರಿ, ಮಿಲ್ಲಿನಲ್ಲಿ ಬೀಸಿಸುತ್ತಿದ್ದೆವು. ಪ್ಯಾಕೆಟ್ ಹಿಟ್ಟಿಗಿಂತ ಅದೇ ಗಿಟ್ಟುತ್ತಿತ್ತು.

ಕೊಳ್ಳುವುದರಲ್ಲಿ ಎರಡು ಸಲ ಚೆನ್ನಾಗಿ ಪೆಟ್ಟು ತಿಂದೆ. ಸಂತೆ ಮುಗಿಯುವ ಹೊತ್ತಿಗೆ ಹೋದರೆ ಅಗ್ಗ ಅಂತ ಎಲ್ಲರೂ ಹೇಳುತ್ತಾರೆ. ನಾನೂ ರಾತ್ರಿ ಎಂಟೂವರೆಗೆ ಹೋಗಿ ಐವತ್ತು ರೂಪಾಯಿಗೆ ನಾಲ್ಕು ಕೆಜಿ ಹುರುಳಿಕಾಯಿ ತಂದೆ. ಮನೆಗೆ ಬಂದು ಲೈಟಿನಲ್ಲಿ ಹರವಿದರೆ ಅರ್ಧಕ್ಕರ್ಧ ಲೋಳೆ. ಇನ್ನೊಂದು ಸಲ ಹೋಲ್‌ಸೇಲ್ ರೇಟಿಗೆ ಸಿಕ್ಕಿತು ಅಂತ ಐದು ಕೆಜಿ ಹೆಸರುಕಾಳು ತಂದಿಟ್ಟೆ. ಮಳೆಗಾಲ. ಇಪ್ಪತ್ತು ದಿನಕ್ಕೆ ಡಬ್ಬಿ ತೆಗೆದರೆ ಕಾಳೆಲ್ಲ ತೂತು, ಒಳಗೆ ಹುಳದ ಓಡಾಟ. ಅದನ್ನು ಬಿಸಿಲಿಗೆ ಹರವಿ, ಜರಡಿ ಹಿಡಿದು ಉಳಿಸಿಕೊಂಡದ್ದು ಮೂರು ಕೆಜಿಯೂ ಇಲ್ಲ. ಆಮೇಲಿಂದ ಕಾಳು ಒಂದೊಂದು ಕೆಜಿ ಮಾತ್ರ. ಹುರಿದಿಟ್ಟರೆ ಹುಳ ಬರಲ್ಲ ಅಂತ ಪಕ್ಕದ ಮನೆಯವರು ಹೇಳಿದರು. ಸರಿಯೇ, ಆದರೆ ಹುರಿದ ಕಾಳು ಮೊಳಕೆ ಬರಲ್ಲವಲ್ಲ.

ತರಕಾರಿಗೆ ದಿನಕ್ಕೆ ನಲವತ್ತು ರೂಪಾಯಿ ಇಟ್ಟಿದ್ದೆ. ಅದರಲ್ಲಿ ಸೊಪ್ಪಿನದೇ ಮೇಲುಗೈ. ಸೊಪ್ಪಿನ ಅಕ್ಕ ಬೆಳಿಗ್ಗೆ ಏಳಕ್ಕೇ ನಮ್ಮ ಬೀದಿಗೆ ಬರುತ್ತಾರೆ. ನಾನು ಅವರ ಹತ್ತಿರ ಚೌಕಾಸಿ ಮಾಡುತ್ತಿರಲಿಲ್ಲ, ಬದಲಿಗೆ, ‘ಅಕ್ಕ, ಇವತ್ತು ಯಾವುದು ಜಾಸ್ತಿ ಬಂದಿದೆ?’ ಅಂತ ಕೇಳುತ್ತಿದ್ದೆ. ಜಾಸ್ತಿ ಬಂದದ್ದೇ ಅಗ್ಗ, ಜಾಸ್ತಿ ಬಂದದ್ದೇ ತಾಜಾ. ಮಳೆ ಬಿದ್ದ ವಾರ ಗಣಿಕೆ ಸೊಪ್ಪು, ಅಣ್ಣೆ ಸೊಪ್ಪು, ಕೀರೆ ಎಲ್ಲ ಬೆರಕೆಯಾಗಿ ಒಂದೇ ಕಟ್ಟಿನಲ್ಲಿ ಬರುತ್ತಿತ್ತು. ಅದನ್ನು ಮಸ್ಸೊಪ್ಪು ಮಾಡಿದರೆ ಬೇರೆ ಇನ್ನೇನೂ ಬೇಡ. ಡಿಸೆಂಬರ್‌ಗೆ ಅವರೆಕಾಯಿ ಬಂತು. ಸೀಸನ್ ಶುರುವಿನಲ್ಲಿ ಅದರ ಹತ್ತಿರ ಹೋಗಲೇ ಇಲ್ಲ. ಸಂಕ್ರಾಂತಿ ಹೊತ್ತಿಗೆ ಬೆಲೆ ಇಳಿದ ಮೇಲೆ ಹೊಟ್ಟೆ ತುಂಬಾ ತಿಂದೆವು. ಹಿತಕಿದ ಸಿಪ್ಪೆ ಗುಡ್ಡೆಯಾದಾಗ ಅತ್ತೆ ಎದುರುಮನೆ ಹಸುವಿಗೆ ಹಾಕಿ ಬರುತ್ತಿದ್ದರು.

ಜುಲೈನಿಂದ ಅನ್ನಭಾಗ್ಯದಲ್ಲಿ ಹೆಚ್ಚುವರಿ ಐದು ಕೆಜಿ ಅಕ್ಕಿಯ ಬದಲು ತಲೆಗೆ 170 ರೂಪಾಯಿ ಹಾಕಲು ಶುರು ಮಾಡಿದರು. ಐದು ಜನಕ್ಕೆ 850, ಅತ್ತೆಯ ಖಾತೆಗೆ. ನಾಲ್ಕು ಸಾವಿರದಲ್ಲಿ ಅದೂ ಸೇರಿತ್ತು. ಆ ದುಡ್ಡು ಕಾಳಿಗೆ ಮತ್ತು ಮೊಟ್ಟೆಗೆ ಬಿಟ್ಟು ಬೇರೆ ಯಾವುದಕ್ಕೂ ಇಲ್ಲ ಅಂತ ಅತ್ತೆಯೇ ಕಟ್ಟಾಜ್ಞೆ ಮಾಡಿದರು. ಮುಂದೆ ಗೃಹಲಕ್ಷ್ಮಿ ಬಂದಾಗ ಅದು ನೇರ ಆಟೊ ಕಂತಿಗೆ ಹೋಯಿತು. ಮಕ್ಕಳಿಬ್ಬರೂ ಸರ್ಕಾರಿ ಶಾಲೆಯವರು. ಅಲ್ಲಿ ಬಿಸಿಯೂಟ, ಹಾಲು, ಕೆಲವು ದಿನ ಮೊಟ್ಟೆ. ಮಗಳಿಗೆ ಶಾಲೆಯ ಊಟ ಮಾಡಲು ನಾಚಿಕೆ ಇತ್ತು, ಡಬ್ಬಿ ಬೇಕು ಅನ್ನುತ್ತಿದ್ದಳು. ಕೂರಿಸಿಕೊಂಡು ಮನೆಯ ಲೆಕ್ಕದ ಚೀಟಿಯನ್ನೇ ತೋರಿಸಿದೆ. ಮಾರನೇ ದಿನದಿಂದ ಡಬ್ಬಿ ಕೇಳಲಿಲ್ಲ. ನನಗೆ ಅದಕ್ಕೆ ಸಂತೋಷಕ್ಕಿಂತ ಸಂಕಟವೇ ಜಾಸ್ತಿಯಾಯಿತು.

ಮಾಂಸ ಪೂರ್ತಿ ಬಿಡಲಿಲ್ಲ. ಹದಿನೈದು ದಿನಕ್ಕೊಮ್ಮೆ ಅರ್ಧ ಕೆಜಿ ಕೋಳಿ ಲಿವರ್, ಗುಂಡಿಗೆ ತರುತ್ತಿದ್ದೆ. ಕೋಳಿ ಮಾಂಸಕ್ಕಿಂತ ಅಗ್ಗ, ಕಬ್ಬಿಣದ ಅಂಶ ಅದಕ್ಕಿಂತ ಜಾಸ್ತಿ. ಮೆಣಸು ಹಾಕಿ ಹುರಿದರೆ ಲಿವರ್ ಅಂತ ಮಕ್ಕಳಿಗೆ ಗೊತ್ತೇ ಆಗಲ್ಲ. ಹಣ್ಣು ಅಂದರೆ ಚುಕ್ಕೆ ಬಿದ್ದ ಬಾಳೆಹಣ್ಣು, ಸೀಬೆ, ಪಪ್ಪಾಯಿ. ಸೇಬು ನಾವು ಆರು ತಿಂಗಳು ನೋಡಲಿಲ್ಲ, ಅದರಿಂದ ಯಾರಿಗೂ ಏನೂ ಆಗಲಿಲ್ಲ. ಬಿಸ್ಕತ್ತು ನಿಂತು ಕಡಲೆಕಾಯಿ ಬೀಜ ಬಂತು. ತಿಂಗಳಿಗೆ ಒಂದು ಕೆಜಿ, ಹುರಿದು ಡಬ್ಬಿಯಲ್ಲಿ.

ಆರೋಗ್ಯ ಕೇಂದ್ರದ ಸಿಸ್ಟರ್ ಎರಡು ಮಾತು ಹೇಳಿದ್ದರು. ಸೊಪ್ಪು, ಕಾಳು ತಿನ್ನುವಾಗ ನಿಂಬೆಹಣ್ಣು ಹಿಂಡಿಕೊಳ್ಳಿ, ಊಟವಾದ ತಕ್ಷಣ ಟೀ ಕುಡಿಯಬೇಡಿ, ಟೀ ಕಬ್ಬಿಣದ ಅಂಶ ಮೈಗೆ ಹತ್ತಲು ಬಿಡಲ್ಲ ಅಂತ. ನಿಂಬೆಹಣ್ಣು ಸುಲಭ. ಟೀ ವಿಷಯದಲ್ಲಿ ಮನೆಯಲ್ಲಿ ಯುದ್ಧವೇ ಆಯಿತು. ಅತ್ತೆಗೆ ತಟ್ಟೆ ತೊಳೆದ ಕೈಯಲ್ಲೇ ಟೀ ಲೋಟ ಬೇಕು. ಕೊನೆಗೆ ‘ನೀವು ಕುಡೀರಿ, ಮಗಳಿಗೆ ಕೊಡಬೇಡಿ’ ಅಂತ ರಾಜಿಯಾಯಿತು.

ಗ್ಯಾಸಿನ ಮಾತು ಹೇಳದಿದ್ದರೆ ಈ ಲೆಕ್ಕ ಸುಳ್ಳಾಗುತ್ತದೆ. ಆಗ ಸಿಲಿಂಡರಿಗೆ ಸಾವಿರದ ನೂರು ಹತ್ತಿರ ಇತ್ತು. ಅಗ್ಗದ ಕಾಳು ಅಂತ ತಂದು ನೆನೆಸದೆ ಎಂಟು ವಿಶಲ್ ಕೂಗಿಸಿದರೆ ಉಳಿದದ್ದು ಅಲ್ಲೇ ಹೋಯಿತು. ರಾತ್ರಿ ಮಲಗುವ ಮುಂಚೆ ಕಾಳು ನೆನೆಹಾಕುವುದು ನಮ್ಮಲ್ಲಿ ಬಾಗಿಲ ಚಿಲಕ ಹಾಕಿದಷ್ಟೇ ಗ್ಯಾರಂಟಿ ಕೆಲಸವಾಯಿತು. ತಿಂಗಳಿಗೆ ಮುಗಿಯುತ್ತಿದ್ದ ಸಿಲಿಂಡರ್ ನಲವತ್ತು ದಿನ ಬಂತು.

ಇನ್ನೊಂದು ಖರ್ಚು ಚೀಟಿಯಲ್ಲಿ ಇರಲೇ ಇಲ್ಲ. ನಾನು ಬೆಳಿಗ್ಗೆ ಎಂಟಕ್ಕೆ ಹೊರಟರೆ ಬರುವುದು ರಾತ್ರಿ ಏಳಕ್ಕೆ. ಸೊಪ್ಪು ಬಿಡಿಸುವುದು, ರಾಗಿ ಕೇರುವುದು, ಮೊಳಕೆ ಕಟ್ಟುವುದು, ಅವರೆಕಾಳು ಹಿತಕುವುದು, ಇದೆಲ್ಲ ಅತ್ತೆಯ ಕೈಗೆಲಸ. ನುಗ್ಗೆ ಸೊಪ್ಪು ಒಂದು ಕಟ್ಟು ಬಿಡಿಸಲು ಮುಕ್ಕಾಲು ಗಂಟೆ ಬೇಕು. ಕಾಲು ಚಾಚಿ ಕೂತಿದ್ದ ಯಜಮಾನರೂ ಎರಡನೇ ತಿಂಗಳಿಗೆ ಮೊರ ಮಡಿಲಿಗೆ ಎಳೆದುಕೊಂಡರು. ಮೊದಮೊದಲು ಕಡ್ಡಿಯನ್ನೂ ಸೇರಿಸಿ ಹಾಕುತ್ತಿದ್ದರು, ಅತ್ತೆ ಬೈದು ಬೈದು ಸರಿಮಾಡಿದರು. ಒಬ್ಬಳೇ ದುಡಿದು ಒಬ್ಬಳೇ ಅಡುಗೆ ಮಾಡುವ ಹೆಂಗಸಿಗೆ ‘ಕಮ್ಮಿ ದುಡ್ಡಲ್ಲಿ ಚೆನ್ನಾಗಿ ತಿನ್ನಬಹುದು’ ಅಂತ ನಾನು ಸಲೀಸಾಗಿ ಹೇಳಲಾರೆ. ದುಡ್ಡು ಉಳಿದದ್ದು ನಿಜ, ಅದನ್ನು ಉಳಿಸಿದ್ದು ಇಬ್ಬರ ಹಗಲು.

ನವೆಂಬರ್‌ನಲ್ಲಿ ಮಗಳ ಹಿಮೋಗ್ಲೋಬಿನ್ 11.6ಕ್ಕೆ ಬಂದಿತ್ತು. ಸೊಪ್ಪಿನಿಂದಲೇ ಬಂತು ಅಂತ ಅತ್ತೆ ಬೀದಿಗೆಲ್ಲ ಹೇಳಿಕೊಂಡು ಬಂದರು. ಮಾತ್ರೆಯ ಪಾಲೂ ಇದೆ ಅಂತ ನಾನು ಅವರ ಎದುರಿಗೆ ಹೇಳಲು ಹೋಗಲಿಲ್ಲ.

ಯಜಮಾನರು ಮತ್ತೆ ಆಟೊ ಓಡಿಸುತ್ತಿದ್ದಾರೆ. ಊಟದ ಬಜೆಟ್ ಈಗ ಅಷ್ಟು ಬಿಗಿ ಇಲ್ಲ. ಕ್ಯಾಲೆಂಡರ್ ಮಾತ್ರ ಹಾಗೇ ನಡೆಯುತ್ತಿದೆ, ಬರೆಯುವ ಕೆಲಸ ಮಕ್ಕಳಿಗೆ ವಹಿಸಿದ್ದೇನೆ. ಹೋದ ವಾರ ಶನಿವಾರದ ಚೌಕದಲ್ಲಿ ‘ಗೋ-ಮಂ’ ಅಂತಿತ್ತು. ಗೋ ಅನ್ನುವ ಕಾಳು ಯಾವುದು ಅಂತ ಅತ್ತೆ ಅರ್ಧ ಗಂಟೆ ತಲೆ ಕೆಡಿಸಿಕೊಂಡರು. ಗೋಬಿ ಮಂಚೂರಿ ಅಂತೆ.